ಹೆಬ್ಬೆರಳಿಗೂ ಪರದೆಗೂ ನಡುವೆ ಒಬ್ಬ ಶರ್ವರಿ

ಮಚ್ಛೆ ಎಂಬ ಊರಿನ ಕಾರ್ಖಾನೆಗಳ ಮೊದಲ ಪಾಳಿಯವರು ಇನ್ನೂ ರಸ್ತೆಗೆ ಇಳಿದಿಲ್ಲ. ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿರುವ ಶರ್ವರಿ ಚೌಗುಲೆ, ಬಿಚ್ಚಿಟ್ಟ ಗೇಮ್ ಕಂಟ್ರೋಲರ್ ಒಂದರ ಧೂಳನ್ನು ಬ್ರಷ್‌ನಿಂದ ಮೆಲ್ಲಗೆ ತೆಗೆಯುತ್ತಿದ್ದಾರೆ. ಬೆರಳು ಯಂತ್ರದ ಮೇಲಿದೆ, ತುಟಿಯ ಮೇಲೆ ಜೈನರ ಣಮೋಕಾರ ಮಂತ್ರವಿದೆ. “ನಿಮಗ ಚಾ ಮಾಡ್ಲೇನ್ರೀ? ನಾ ಹೊತ್ತು ಮೂಡೂತನಕ ಹನಿ ನೀರೂ ತಗೊಳ್ಳಂಗಿಲ್ಲ” ಎಂದು ಅವರ ಕೆಲಸ ನೋಡಲು ಬಂದ ನನಗೆ ಹೇಳುತ್ತಾರೆ.

ಅಷ್ಟರಲ್ಲಿ ಫೋನು ಬರುತ್ತದೆ. ಖಾನಾಪುರದ ಕಾಲೇಜು ಹುಡುಗಿ ಸಮೃದ್ಧಿ. “ಅಕ್ಕಾರ, ತಡ ಮತ್ತ ಬಂತ್ರಿ. ನಾ ಎಡಕ್ಕ ಹೊಳ್ಳಸ್ತೀನಿ, ಗಾಡಿ ಗ್ವಾಡಿಗೆ ಬಡದ ಮ್ಯಾಲೆ ಎಡಕ್ಕ ಹೊಳ್ಳತೈತಿ.” ಕಾರ್ ರೇಸಿನ ಆಟದಲ್ಲಿ ಕಾಲೇಜಿನ ತಂಡಕ್ಕೆ ಇಂದು ಬೆಳಿಗ್ಗೆಯೇ ಆಯ್ಕೆ. ಎಲ್ಲರೂ ತಮ್ಮ ತಮ್ಮ ಮನೆಯಿಂದಲೇ ಆಡಬೇಕು. ಸಮೃದ್ಧಿಗೆ ಕಾಲೇಜಿನಲ್ಲಿ ಇದು ಕೊನೆಯ ವರ್ಷ, ಇದೇ ಕೊನೆಯ ಅವಕಾಶ.

ಶರ್ವರಿ ಸೂರ್ಯನಿಗೆ ಕೈಮುಗಿದು, ಚಹಾ ಕುಡಿದು, ಖಾನಾಪುರದ ಬಸ್ಸು ಹಿಡಿಯುತ್ತಾರೆ.

ದುಬಾರಿ ಯಂತ್ರ ಕೊಳ್ಳಲಾಗದ ಮಕ್ಕಳಿಗೆ ಕ್ಲೌಡ್ ಗೇಮ್ ಒಂದು ವರ. ಆಟ ನಡೆಯುವುದು ದೂರದ ಊರಿನ ದೊಡ್ಡ ಕಂಪ್ಯೂಟರಿನಲ್ಲಿ. ಕೈಯಲ್ಲಿನ ಮೊಬೈಲಿಗೆ ಬರುವುದು ಅದರ ಚಿತ್ರ ಮಾತ್ರ. ಬಟನ್ ಒತ್ತಿದ ಸುದ್ದಿ ಅಲ್ಲಿಗೆ ಹೋಗಿ, ಚಿತ್ರ ಇಲ್ಲಿಗೆ ಬರಬೇಕು. ಆ ಹೋಗಿ ಬರುವ ಹೊತ್ತನ್ನು ಹುಡುಗರು ಲ್ಯಾಗ್ ಎನ್ನುತ್ತಾರೆ, ಶರ್ವರಿ ತಡ ಎನ್ನುತ್ತಾರೆ. “ದೂರದ ದಾರಿ ನಮ್ಮ ಕೈಯಾಗಿಲ್ಲರಿ. ಮನಿಯೊಳಗಿನ ದಾರಿ ಅಷ್ಟ ನಮ್ಮದು. ಅದನ್ನ ಹಸನ ಮಾಡಬೇಕು.”

ಅವರು ಮೊದಲು ಇದೇ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಗಂಡ ಪದ್ಮಾಕರ ಹಳೆಯ ಮೇಜೊಂದನ್ನು ತಂದು ಬಾಗಿಲಿಗೆ ಹಾಕಿಕೊಟ್ಟರು. ಈಗ ದಿನಕ್ಕೆ ಐದಾರು ಕಂಟ್ರೋಲರ್ ಆ ಮೇಜಿನ ಮೇಲೆ ಬರುತ್ತವೆ. ಮೊದಮೊದಲು ಬಂದವರೆಲ್ಲ “ರಿಪೇರಿ ಅಣ್ಣಾರು ಎಲ್ಲದಾರ್ರಿ?” ಎಂದು ಒಳಗೆ ಇಣುಕುತ್ತಿದ್ದರಂತೆ. “ಅಣ್ಣಾರು ರೊಟ್ಟಿ ಮಾಡಾಕತ್ತಾರ, ಅಕ್ಕಾರ ಆದ್ರ ನಡೀತದೇನು ಅಂತಿದ್ದೆ” ಎಂದು ನಗುತ್ತಾರೆ.

ಖಾನಾಪುರದ ಮನೆಯಲ್ಲಿ ಸಮೃದ್ಧಿ ಬಾಗಿಲಲ್ಲೇ ನಿಂತಿದ್ದಾಳೆ. ಶರ್ವರಿ ಕೂರುವ ಮೊದಲೇ ಹೇಳುತ್ತಾರೆ: “ಎಲ್ಲಾ ಆರಸು. ಒಂದೊಂದ ಹಚ್ಚೂಣು.” ಎಲ್ಲ ಬಂದ್ ಮಾಡಿ, ಒಂದೊಂದಾಗಿ ಚಾಲೂ ಮಾಡಿ ನೋಡುವುದೇ ಅವರ ಕೆಲಸದ ರೀತಿ. ಬ್ಲೂಟೂತ್ ಇಯರ್‌ಫೋನ್ ಹೋಗುತ್ತದೆ, ಬ್ಯಾಟರಿ ಉಳಿಸುವ ಸೆಟ್ಟಿಂಗ್ ಹೋಗುತ್ತದೆ. ಹೆಬ್ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ತಮ್ಮ ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ನೋಡುತ್ತಾರೆ. ಹೆಬ್ಬೆರಳು ಒತ್ತಿ ಆಗಿದೆ, ಗಾಡಿ ಇನ್ನೂ ನೆಟ್ಟಗೇ ಹೊರಟಿದೆ.

“ಕಂಟ್ರೋಲರಿಗೆ ವೈರ್ ಹಾಕಿದ್ರ ಎಲ್ಲಾದಕ್ಕಿಂತ ಚಲೋ” ಎಂದು ನನಗೆ ವಿವರಿಸುತ್ತಾರೆ. “ಈಕಿ ಫೋನಿಗೆ ಇರೂದ ಒಂದ ತೂತು. ಬ್ಯಾಟರಿ ಹಳೇದು, ಅದರಾಗ ಚಾರ್ಜರ್ ಇರಬೇಕು. ಮತ್ತೇನ್ ಮಾಡೂದು?”

ಫೋನಿನ ಸೆಟ್ಟಿಂಗ್ ತೆರೆದಾಗ ಅವರ ಹುಬ್ಬು ಮೇಲೇರುತ್ತದೆ. ರೌಟರ್ ಡಬ್ಬಿಯಿಂದ ವೈಫೈ ಎರಡು ದಾರಿಯಲ್ಲಿ ಬರುತ್ತದೆ. ಒಂದು ವೇಗದ್ದು, ಆದರೆ ಗೋಡೆ, ಲೋಹ ಅಡ್ಡ ಬಂದರೆ ಸೋಲುತ್ತದೆ. ಇನ್ನೊಂದು ದೂರ ಸಾಗುತ್ತದೆ, ಆದರೆ ಕಂಟ್ರೋಲರಿನ ಬ್ಲೂಟೂತ್ ಓಡಾಡುವುದೂ ಅದೇ ದಾರಿಯಲ್ಲಿ. ಹೋದ ಸಲ ತಾವೇ ಮೊದಲನೆಯದಕ್ಕೆ ಹಾಕಿ ಹೋಗಿದ್ದ ಫೋನು ತಾನಾಗಿ ಎರಡನೆಯದಕ್ಕೆ ಜಾರಿದೆ. “ಒಂದ ಸಂದ್ಯಾಗ ಎರಡು ಚಕ್ಕಡಿ ಎದುರಾಬದರು ಬಂದಂಗ ಆಗೇತಿ. ಡಬ್ಬಿ ಎಲ್ಲೈತಿ, ಸಮೃದ್ಧಿ?”

ಡಬ್ಬಿ ದೇವರ ಕೋಣೆಯಲ್ಲಿದೆ. ದೇವರನ್ನಿಡುವ ಜಗಲಿಯ ಮೇಲೆ, ಹಿತ್ತಾಳೆಯ ಪ್ರಭಾವಳಿಯ ಹಿಂದೆ, ವಿಭೂತಿ ಬಳಿದುಕೊಂಡು, ತಲೆಯ ಮೇಲೊಂದು ದಾಸವಾಳ ಹೊತ್ತು ಕೂತಿದೆ. ಅಜ್ಜಿ ಶಿವಲಿಂಗವ್ವ ಸೆರಗು ಸರಿಪಡಿಸಿಕೊಳ್ಳುತ್ತಾರೆ. “ಅಮಾಸಿಗೆ ಪೂಜಿ ಮಾಡಿ ಅಲ್ಲೇ ಇಟ್ಟೇನವಾ. ಮೊಮ್ಮಗಳು ಗೆಲ್ಲಲಿ ಅಂತ.”

“ಆಯಿ, ನನ್ನ ಸೋಲಸಾಕ ಬ್ಯಾರೆ ಯಾರೂ ಬ್ಯಾಡ, ನೀ ಒಬ್ಬಾಕಿ ಸಾಕು” ಎಂದು ಸಮೃದ್ಧಿ ಕೈ ಚಾಚುತ್ತಾಳೆ. ಶರ್ವರಿ ಅವಳ ಕೈ ಹಿಡಿದು ನಿಲ್ಲಿಸುತ್ತಾರೆ.

“ದೇವರ ಬಾಜುದಿಂದ ತಗದ್ರ ಹೆಂಗವಾ? ಅಪಶಕುನ ಆಗೂದಿಲ್ಲೇನು?” ಅಜ್ಜಿ ಕೇಳುತ್ತಾರೆ.

“ನಾನೂ ದಿನಾ ಬಸದಿಗೆ ಹೋಗಾಕಿ ಅದೀನ್ರಿ ಆಯಿ. ನೀವು ದೀಪ ಪ್ರಭಾವಳಿ ಹಿಂದ ಇಡ್ತೀರೇನು? ಮುಂದ ಇಡ್ತೀರಿ. ಇದೂ ದೀಪ ಇದ್ದಂಗ. ಎದುರಿಗೆ ಇಟ್ರ ಬೆಳಕು ಮುಟ್ಟತದ.”

ಶಿವಲಿಂಗವ್ವ ಕೈ ತೊಳೆದು ಬಂದು, ಯಾರಿಗೂ ಮುಟ್ಟಗೊಡದೆ, ತಾವೇ ಎರಡೂ ಕೈಯಲ್ಲಿ ಎತ್ತಿ ಪಡಸಾಲೆಯ ಹಲಗೆಯ ಮೇಲೆ, ಮೊಮ್ಮಗಳ ಎದುರಿಗೇ ಇಡುತ್ತಾರೆ. ಹೂವನ್ನು ಮಾತ್ರ ತೆಗೆಯುವುದಿಲ್ಲ. ಶರ್ವರಿಯೂ ತೆಗೆಯಿರಿ ಎನ್ನುವುದಿಲ್ಲ. ಹೂವು ಯಾವ ದಾರಿಗೂ ಅಡ್ಡವಲ್ಲ.

ಫೋನು ವೇಗದ ದಾರಿ ಹಿಡಿಯುತ್ತದೆ. ಮತ್ತೆ ವಿಡಿಯೊ ತೆಗೆದು ನೋಡಿದರೆ, ಹೆಬ್ಬೆರಳು ಒತ್ತಿತೋ ಇಲ್ಲವೋ, ಗಾಡಿ ಎಡಕ್ಕೆ ಬಾಗುತ್ತದೆ. ಸಮೃದ್ಧಿ ಕಾಲು ಮಡಚಿ ಕೂರುತ್ತಾಳೆ.

ಆಯ್ಕೆಯ ಓಟ ಶುರುವಾಗುತ್ತದೆ. ಒಂದು ತಿರುವು, ಇನ್ನೊಂದು. ಅಭ್ಯಾಸದಲ್ಲಿ ಗೋಡೆಗೆ ಬಡಿದ ಜಾಗ ಬರುತ್ತದೆ. ಅಜ್ಜಿ ಕಣ್ಣು ಮುಚ್ಚುತ್ತಾರೆ. ಗಾಡಿ ಗೋಡೆಯನ್ನು ಸವರಿಕೊಂಡು ಹೊಳ್ಳಿ ಮುಂದಿನವನನ್ನು ಹಿಂದಿಕ್ಕುತ್ತದೆ. ಕೊನೆಯ ಗೆರೆ ದಾಟಿದಾಗ ಸಮೃದ್ಧಿ ಎರಡನೆಯವಳು. ತಂಡಕ್ಕೆ ಬೇಕಾದವರು ನಾಲ್ವರು.

ಹುಡುಗಿ ಅಜ್ಜಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿ, ಬರಿಗಾಲಲ್ಲಿ ಓಣಿಗೆ ಓಡುತ್ತಾಳೆ. ಅಕ್ಕಪಕ್ಕದವರು ಸೇರುತ್ತಾರೆ, ಯಾರೋ ಸಕ್ಕರೆ ಹಂಚುತ್ತಾರೆ. ಆ ಗದ್ದಲದಲ್ಲಿ ಶರ್ವರಿ ಚೀಲ ಹೆಗಲಿಗೇರಿಸಿ ಹೊರಬಂದದ್ದು ಯಾರಿಗೂ ಕಾಣುವುದಿಲ್ಲ.

“ನಿಮ್ಮನ್ನ ಮರತೇ ಬಿಟ್ರಲ್ಲ” ಎಂದು ನಾನು ಹೇಳಿದರೆ, ಅವರ ಮುಖ ಹಬ್ಬದಂತೆ ಅರಳುತ್ತದೆ.

“ತಡ ಆದಾಗಷ್ಟ ಜನಾ ನನ್ನ ನೆನಸ್ತಾರ್ರಿ. ಈಗ ಮರತಾರ ಅಂದ್ರ ಕೆಲಸ ಖರೇನ ಆಗೇತಿ.”