ಸುತಳಿ ಕಟ್ಟಿದ ಗಿಡ

ಅಕ್ಕನ ಮೀನಿನ ತೊಟ್ಟಿಯಲ್ಲಿ ಸಂಜೆ ನೆಟ್ಟ ಗಿಡ ಬೆಳಗಾಗುವುದರೊಳಗೆ ತೇಲುತ್ತಿತ್ತು. ಎರಡು ಗೋಲ್ಡ್‌ಫಿಶ್‌ಗಳು ಬಾಯಿತುಂಬ ಮರಳು ಎತ್ತಿ ಉಗುಳಿ, ಬುಡ ಸಡಿಲಿಸಿ ಬಿಡುತ್ತಿದ್ದವು. ಬ್ಯಾಡಗಿಯ ಮನೆಯ ಪಡಸಾಲೆಯಲ್ಲಿ, ಮಂಚದಿಂದ ಕಾಣುವ ಹಾಗೆ ತೊಟ್ಟಿ ಇಟ್ಟವರು ಭಾವ. ಅಕ್ಕನ ಹೃದಯದ ಒಂದು ಕವಾಟ ಕೆಟ್ಟಿತ್ತು. ನಾಲ್ಕು ಹೆಜ್ಜೆಗೆ ಏದುಸಿರು. ಆಪರೇಷನ್ ತಡ ಮಾಡಬೇಡಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಅಕ್ಕ ಒಲ್ಲೆ ಎನ್ನುತ್ತಿದ್ದಳು.

ನಾನು ಹಾವೇರಿಯಲ್ಲಿ ಕಚೇರಿ ಕೆಲಸದವಳು, ಭಾನುವಾರಕ್ಕೊಮ್ಮೆ ಹೋಗುತ್ತಿದ್ದೆ. ಒಮ್ಮೆ ಆಪರೇಷನ್ನಿನ ಮಾತು ತೆಗೆದಾಗ ಅವಳು ತೊಟ್ಟಿಯತ್ತ ಕೈ ಮಾಡಿದಳು.

"ಮಂದಿ ದೇವರ ಮುಂದ ಕುಂತು ಹೂ ಕೇಳ್ತಾರಲ್ಲ, ಬಲಕ್ಕ ಬಿದ್ರ ಹೌದು, ಎಡಕ್ಕ ಬಿದ್ರ ಬ್ಯಾಡ ಅಂತ. ನನಗ ಕದರಮಂಡಲಗಿ ಗುಡಿ ತನಕ ಹೋಗಾಕ ಆಗೂದಿಲ್ಲ. ಇದನ್ನ ಕೇಳೇನಿ. ಹದಿನೈದು ದಿನ ಗಿಡಾ ಬೇರು ಹಿಡಕೊಂಡು ನಿಂತ್ರ ಹುಬ್ಬಳ್ಳಿಗೆ ಬರ್ತೇನಿ."

"ಎಂ.ಎ. ಓದೇನಿ ಅಕ್ಕಾ ನಾ. ನನ್ನ ಮುಂದ ಇಂಥಾವು ಹೇಳಬ್ಯಾಡ."

"ಹಂಗಾರ ಆ ಎಂ.ಎ. ಹಚ್ಚಿ ಗಿಡಾ ನಿಲ್ಲಸು," ಎಂದಳು.

ನಕ್ಕದ್ದು ನನ್ನ ಡೈರಿಯಲ್ಲಿದೆ. ಇಬ್ಬರೂ ನಕ್ಕೆವೋ ನಾನೊಬ್ಬಳೇ ನಕ್ಕೆನೋ, ಈಗ ಹೇಳಲಾರೆ.

ರಾಣೆಬೆನ್ನೂರಿನ ಮೀನಿನ ಅಂಗಡಿಗೆ ಹೋದೆ. ಅಂಗಡಿಯಲ್ಲಿದ್ದವರು ಬಿಳಿ ಗಡ್ಡದ ಹಿರಿಯರು, ಎಲ್ಲರಿಗೂ ಚಾಚಾ.

"ಗೋಲ್ಡ್‌ಫಿಶ್ ಅಂದ್ರ ನೀರಾಗಿನ ಕೋಳಿ, ಬೇಟಾ. ಕೆದರೂದ ಅದರ ಕೆಲಸ. ಒಂದೋ ಮೀನಾ ಇಡು, ಒಂದೋ ಗಿಡಾ ಇಡು."

"ಎರಡೂ ಬೇಕ್ರಿ ಚಾಚಾ."

"ಎಲ್ಲಾರೂ ಹಂಗ ಅಂತಾರ. ಆಮ್ಯಾಲ ಬಂದು ಪ್ಲಾಸ್ಟಿಕ್ ಗಿಡಾ ಒಯ್ತಾರ."

ಆದರೂ ಉದ್ದ ಪಟ್ಟಿಯಂಥ ಎಲೆಯ ಗಿಡ ಕೊಟ್ಟು ಉಪಾಯ ಹೇಳಿದರು. ಮರಳು ನಾಲ್ಕು ಬೆರಳು ದಪ್ಪ ಇರಲಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ನೆಟ್ಟು ಮೇಲೆ ಹರಳು ಇಡು, ಎಲೆ ಹೊರಡುವ ಬುಡ ಮಾತ್ರ ಹುಗಿಯಬೇಡ. ಎಲ್ಲ ಮಾಡಿದೆ. ಸಣ್ಣ ಹರಳನ್ನು ಮೀನುಗಳು ಬಾಯಲ್ಲಿ ಹೊತ್ತು ಆಚೆ ಹಾಕಿದವು. ದೊಡ್ಡದಿಟ್ಟರೆ ಬುಡ ಕೊಳೆಯಿತು. ಎರಡನೆಯ ಗಿಡವೂ ಹೋಯಿತು, ಮೂರನೆಯದೂ. ಅಷ್ಟರಲ್ಲಿ ಅಕ್ಕನ ಪಾದ ಬಾತು ಚಪ್ಪಲಿ ಹಿಡಿಸದಂತಾಗಿತ್ತು.

ನಾಲ್ಕನೆಯ ಗಿಡ ತಂದ ದಿನ ಅಕ್ಕ ಉಂಡು ಮಲಗಿದ್ದಳು. ಬೇರನ್ನು ಕಲ್ಲಿಗೆ ಕಟ್ಟಿದರೆ ಮೀನು ಕೀಳಲಾರದು. ಕಟ್ಟಿದರೆ ಅದು ತಾನಾಗಿ ನಿಂತ ಹಾಗಲ್ಲ ಎನ್ನುವುದೂ ನನಗೆ ಗೊತ್ತಿತ್ತು. ದಾರ ಹುಡುಕಿದೆ. ಭಾವನದು ಮೆಣಸಿನಕಾಯಿ ವ್ಯಾಪಾರ. ಚೀಲದ ಬಾಯಿ ಹೊಲಿಯುವ ಸುತಳಿಯ ಉಂಡೆ ಬಾಗಿಲ ಹಿಂದಿನ ಮೊಳೆಗೆ ಸದಾ ತೂಗುತ್ತಿರುತ್ತದೆ. ಮಲ್ಲಿಗೆ ಬಳ್ಳಿಗೂ ಅದೇ, ಬಟ್ಟೆ ಒಣಹಾಕುವುದಕ್ಕೂ ಅದೇ. ಒಂದು ಎಳೆ ಬಿಚ್ಚಿ, ನಲ್ಲಿ ನೀರಿಗೆ ಹಿಡಿದು ತೊಳೆದು, ಗಿಡವನ್ನು ಚಪ್ಪಟೆ ಕಲ್ಲಿಗೆ ಬಿಗಿದು ಮರಳಲ್ಲಿ ಹುಗಿದೆ.

ಆ ಮನೆಗೆ ಕಾಲಿಟ್ಟ ಮೊದಲ ಅರ್ಧ ತಾಸು ನಾನು ಸೀನುತ್ತೇನೆ. ಆಮೇಲೆ ಮೆಣಸಿನಕಾಯಿಯ ಘಾಟು ತಿಳಿಯುವುದಿಲ್ಲ. ಸುತಳಿ ಬಿಚ್ಚುವಾಗ ಸೀನಿದೆನೇ? ಸೀನಿಯೂ ಕಟ್ಟಿದೆನೇ? ನೆನಪನ್ನು ನಂಬದವಳೆಂದೇ ಡೈರಿ ಬರೆಯುತ್ತೇನೆ. ಆ ದಿನದ ಪುಟದಲ್ಲಿ ಇರುವುದು 'ಗಿಡ ನೆಟ್ಟೆ' ಎಂಬ ಎರಡೇ ಪದ. ಕಟ್ಟಿದೆ ಎಂದು ಅಲ್ಲಿಯೂ ಬರೆದಿಲ್ಲ.

ಬುಧವಾರ ಅಕ್ಕನ ಫೋನ್ ಬಂತು. "ನಿಂತೈತಿ ನೋಡವಾ. ಮೀನಾ ಜಗ್ಗಿ ಜಗ್ಗಿ ಸಾಕಾಗ್ಯಾವು." ಆ ದನಿಯನ್ನು ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. ನಾನು ಹುಬ್ಬಳ್ಳಿಯ ಆಸ್ಪತ್ರೆಗೆ ಫೋನ್ ಮಾಡಿ ಆಪರೇಷನ್ನಿಗೆ ದಿನ ಗೊತ್ತು ಮಾಡಿಕೊಂಡೆ.

ಒಂಬತ್ತನೆಯ ದಿನ ಭಾವ ಫೋನ್ ಮಾಡಿದರು. ಬೆಳಿಗ್ಗೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತ್ತು, ಮಧ್ಯಾಹ್ನ ಇನ್ನೊಂದು. ರಜೆ ಹಾಕಿ ಹೋದೆ. ಗಿಡ ನೆಟ್ಟಗೆ ನಿಂತಿತ್ತು. ಅಕ್ಕ ತೊಟ್ಟಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

"ಗಿಡಾ ಕೀಳು," ಎಂದಳು.

"ಯಾಕ? ನಿಂತೈತಲ್ಲ."

"ಕೀಳು."

ಕಲ್ಲು ಜೊತೆಗೇ ಬಂತು. ಸುತಳಿ ಲೋಳೆಗಟ್ಟಿ ಕಪ್ಪಾಗಿತ್ತು. ಹೊಸ ಬೇರು ಒಂದೂ ಇರಲಿಲ್ಲ. ಅಕ್ಕ ಸುತಳಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ನಮ್ಮ ಚೀಲದ್ದು. ಮೂರು ನೀರಾಗ ತೊಳದ್ರೂ ಇದರ ಖಾರ ಹೋಗೂದಿಲ್ಲ. ನನ್ನ ಕೇಳಿದ್ರ ಹೇಳ್ತಿದ್ನಲ್ಲ."

ಕೇಳುವ ಹಾಗಿರಲಿಲ್ಲ. ಮೀನು ಸತ್ತದ್ದು ಖಾರದಿಂದಲೇ ಎಂದು ಖಚಿತವಿಲ್ಲ. ಸುತಳಿ ಕೊಳೆತು ನೀರು ಕೆಟ್ಟಿರಬಹುದು, ತಿನಿಸು ಹೆಚ್ಚಾಗಿರಬಹುದು ಎಂದು ಚಾಚಾ ಆಮೇಲೆ ಹೇಳಿದರು. ಅದು ನನಗೆ ಯಾವ ಸಮಾಧಾನವನ್ನೂ ಕೊಡಲಿಲ್ಲ.

"ಹುಬ್ಬಳ್ಳಿ ಅಕ್ಕಾ?" ಎಂದು ಕೇಳಿದೆ.

"ಕೇಳಿದ್ದೆ. ಹೇಳಿತು." ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆ. "ನಿಮ್ಮ ಭಾವಗ ಒಂದೀಟು ಚಾ ಮಾಡಿಕೊಡು. ಮುಂಜಾನಿಂದ ಏನೂ ತಿಂದಿಲ್ಲ ಅವರು."

ಮತ್ತೆರಡು ವಾರ ಬೇಡಿಕೊಂಡೆ, ಭಾವನೂ ಬೇಡಿಕೊಂಡರು. ಅವಳು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದಳು. ಕೊನೆಗೆ ಹುಬ್ಬಳ್ಳಿಗೆ ಫೋನ್ ಮಾಡಿ ಹೆಸರು ತೆಗೆಸಿದೆ. ಆ ಕಡೆಯ ಹುಡುಗಿ, "ಮುಂದಿನ ತಾರೀಖು ಯಾವುದು ಬರಕೊಳ್ಳಲ್ರಿ?" ಎಂದಳು.

ಸದ್ಯಕ್ಕೆ ಏನೂ ಬರೆಯಬೇಡಿ ಎಂದೆ.