ಚಿಗವ್ವ ಬೇಡವೆಂದ ಹಾಳೆಗಳು

ಕಂಪ್ಯೂಟರಿಗೆ ಕಣ್ಣು ಕೊಟ್ಟವರು ಎಂದು ಸಭೆಗಳಲ್ಲಿ ನನ್ನನ್ನು ಪರಿಚಯಿಸುವಾಗ ಮೈ ಉರಿಯುತ್ತದೆ. ಎದ್ದು ಮೈಕು ಕಸಿದುಕೊಂಡು ‘ಬಾಯಿ ಮುಚ್ಚಿ’ ಅನ್ನಬೇಕೆನಿಸುತ್ತದೆ. ಅನ್ನುವುದಿಲ್ಲ. ಶಾಲು ಹೊದಿಸಿಕೊಂಡು, ಹಲ್ಲು ಕಿರಿದು, ಫೋಟೋಗೆ ನಿಲ್ಲುತ್ತೇನೆ. ಆಮೇಲೆ ಎರಡು ದಿನ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತೇನೆ.

ಎಂಬತ್ತರ ದಶಕದ ಮಾತು. ನಾನು ದಾಂಡೇಲಿಯ ಹುಡುಗಿ. ಅಪ್ಪ ಕೆಲಸ ಹುಡುಕಿಕೊಂಡು ಧಾರವಾಡದ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತವನು. ಅವ್ವನ ತಂಗಿ, ನನ್ನ ಚಿಗವ್ವ, ಒಬ್ಬ ಗುತ್ತಿಗೆದಾರರ ಶೆಡ್ಡಿನಲ್ಲಿ ಕಾಗದ ಆರಿಸುತ್ತಿದ್ದಳು. ಕಾಗದದ ಕಾರ್ಖಾನೆಯಿಂದ ಕತ್ತರಿಸಿ ತಂದ ಹಾಳೆಗಳ ರಾಶಿಯ ಮುಂದೆ ದಿನವಿಡೀ ನಿಂತು ಒಂದೊಂದನ್ನೇ ಸರಿಸುತ್ತ, ಚುಕ್ಕೆ ಇದ್ದದ್ದನ್ನೂ ಸುಕ್ಕು ಬಿದ್ದದ್ದನ್ನೂ ತೆಗೆದು ಪಕ್ಕಕ್ಕೆ ಹಾಕುವ ಕೆಲಸ. ಬೇರೆ ಹೆಂಗಸರು ಅನುಮಾನ ಬಂದ ಹಾಳೆಯನ್ನು ಆಕೆಯ ಮೇಜಿಗೆ ತರುತ್ತಿದ್ದರು. ಆಕೆ ‘ಬ್ಯಾಡ’ ಅಂದರೆ ಮಾಲಕರೂ ಎದುರಾಡುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದ ಆಕೆಗೆ ಊರಿನಲ್ಲಿ ಹೆಸರು ಅಂತ ಇದ್ದದ್ದು ಅದೊಂದೇ.

ನನಗೆ ದೂರದ ಊರಿನ ಸಂಸ್ಥೆಯೊಂದರಲ್ಲಿ ಸಂಶೋಧನೆಗೆ ಅವಕಾಶ ಸಿಕ್ಕಿತು. ಕ್ಯಾಮೆರಾ ಹಿಡಿದ ಚಿತ್ರವನ್ನು ಕಂಪ್ಯೂಟರು ತಾನೇ ನೋಡಿ ತಿಳಿಯುವಂತೆ ಮಾಡುವುದು ನನ್ನ ವಿಷಯ. ಕಾರ್ಖಾನೆಗಳಿಗೆ ಉಪಯೋಗವಾಗುವಂಥದ್ದು ಏನಾದರೂ ತಗೊಳ್ಳಿ ಎಂದರು ನನ್ನ ಗೈಡು. ನಾನು ಹಿರಿಹಿರಿ ಹಿಗ್ಗುತ್ತ ಊರಿಗೆ ಬಂದೆ. ಮಾಲಕರನ್ನು ಕೇಳಿ, ಚಿಗವ್ವನೇ ಆರಿಸಿಕೊಟ್ಟ ಎರಡು ಕಟ್ಟು ತೆಗೆದುಕೊಂಡೆ. ಒಂದು ಒಳ್ಳೆಯದು, ಇನ್ನೊಂದು ಬೇಡವೆಂದದ್ದು.

“ಮಷೀನು ಇವನ್ನ ನೋಡಿ ನಿನ್ನಂಗ ಆರಿಸಾಕ ಕಲೀತೈತಿ ಚಿಗವ್ವ,” ಅಂದೆ.

“ಅದಕ್ಕೂ ಬೈಸಿಗೊಂಡು ಕಲಿಯೂದು ಐತೇನ? ನಾ ಕಲಿಯೂ ಮುಂದ ದಿನಾ ಬೈಸಿಗೊಂಡೇನಿ,” ಎಂದು ನಕ್ಕಳು.

ಕಟ್ಟುಗಳನ್ನು ಪ್ಲೈವುಡ್ ಹಲಗೆಗಳ ನಡುವೆ ಬಿಗಿದು, ಹಳಿಯಾಳದ ಬಸ್ಸಿನಲ್ಲಿ ಕುಲುಕಾಟಕ್ಕೆ ಸಿಗದಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ.

ನನ್ನ ಪ್ರೋಗ್ರಾಮು ಚುಕ್ಕೆಗಳನ್ನು ಚೆನ್ನಾಗಿಯೇ ಹಿಡಿಯಿತು. ಆದರೆ ಚಿಗವ್ವ ಬೇಡವೆಂದ ಎಷ್ಟೋ ಹಾಳೆಗಳನ್ನು ಒಳ್ಳೆಯದೆಂದು ದಾಟಿಸಿಬಿಟ್ಟಿತು. ನಾನೂ ಕಣ್ಣು ಕಿರಿದು ಮಾಡಿ ನೋಡಿದೆ, ಏನೂ ಕಾಣಲಿಲ್ಲ. ಆಗ ಆಕೆ ನೋಡುವ ರೀತಿ ನೆನಪಾಯಿತು. ಚಿಗವ್ವ ಹಾಳೆಯನ್ನು ಎಂದೂ ನೇರ ಮೇಲಿನಿಂದ ನೋಡುತ್ತಿರಲಿಲ್ಲ. ಮೂಲೆ ಹಿಡಿದೆತ್ತಿ, ಪಕ್ಕದ ಕಿಟಕಿಯ ಕಡೆಗೆ ಸ್ವಲ್ಪ ಬಾಗಿಸುತ್ತಿದ್ದಳು. ಓರೆಯಾಗಿ ಬಿದ್ದ ಬೆಳಕಿಗೆ ಸುಕ್ಕಿನ ನೆರಳು ಎದ್ದು ನಿಲ್ಲುತ್ತಿತ್ತು. ನಾನೂ ಹಾಗೇ ಹಿಡಿದೆ. ಅಲ್ಲಿತ್ತು ಸುಕ್ಕು! ನಮ್ಮ ಕ್ಯಾಮೆರಾದ ಎರಡೂ ಬದಿಗೆ ಟ್ಯೂಬ್‌ಲೈಟು ಹಾಕಿ, ಎಲ್ಲೂ ನೆರಳೇ ಬೀಳದಂತೆ ಮಾಡಿಟ್ಟಿದ್ದೆವು. ತಪ್ಪು ನಮ್ಮ ಬೆಳಕಿನದು.

ಓಡಿಹೋಗಿ ಗೈಡಿಗೆ ಹೇಳಿದೆ. ಅವರು ತಲೆ ಎತ್ತದೆಯೇ, “ಆರಿಸಿದ ಹೆಂಗಸು ತಪ್ಪಿರುತ್ತಾಳೆ. ‘ಮಾನವ ದೋಷ’ ಅಂತ ಒಂದು ಕಾಲಂ ಮಾಡಿ, ಇವನ್ನೆಲ್ಲ ಅದರಲ್ಲಿ ಹಾಕಿ,” ಎಂದರು. ಹಾಳೆಯನ್ನು ಅವರ ಕಿಟಕಿಗೇ ಹಿಡಿದು ತೋರಿಸಿದೆ. ನೋಡಿದರು. ಅವರಿಗೆ ಕಂಡಿತು, ಕಂಡದ್ದು ನನಗೂ ಗೊತ್ತಾಯಿತು. “ಇದಕ್ಕಾಗಿ ಎಲ್ಲ ಚಿತ್ರಗಳನ್ನೂ ಮತ್ತೆ ತೆಗೆಯುತ್ತ ಇನ್ನೊಂದು ವರ್ಷ ಕೂರುತ್ತೀರಾ? ನಿಮ್ಮ ಫೆಲೋಶಿಪ್ಪು ಮುಗಿಯುತ್ತ ಬಂತು,” ಎಂದು ಮತ್ತೆ ಕಾಗದಪತ್ರದಲ್ಲಿ ಮುಳುಗಿದರು. ಎಂಥ ಮನುಷ್ಯ! ಕಣ್ಣೆದುರು ಇದ್ದದ್ದನ್ನು ಇಲ್ಲವೆನ್ನಲು ಒಂದು ಕ್ಷಣವೂ ತಡವರಿಸಲಿಲ್ಲ. ಆ ಕಾಲಮ್ಮನ್ನು ಬರೆದವಳು ನಾನೇ.

ಡಿಗ್ರಿ ಬಂತು, ಅದೇ ಸಂಸ್ಥೆಯಲ್ಲಿ ನೌಕರಿಯೂ ಸಿಕ್ಕಿತು. ಗೈಡು ಪ್ರಬಂಧದ ಒಂದು ಪ್ರತಿಯನ್ನು ಧನ್ಯವಾದ ಹೇಳಿ ಶೆಡ್ಡಿನ ಮಾಲಕರಿಗೆ ಕಳಿಸಿದ್ದರು. ಮಾಲಕರು ಅದನ್ನು ಯಾರಿಂದಲೋ ಓದಿಸಿ, ಆ ‘ಮಾನವ ದೋಷ’ದ ಕಾಲಮ್ಮನ್ನು ತಿಳಿದುಕೊಂಡರು. ಆ ಕಟ್ಟುಗಳನ್ನು ಆರಿಸಿದವಳು ಒಬ್ಬಳೇ. ಚಿಗವ್ವನಿಗೆ ಕಣ್ಣು ಮಂದವಾಗಿದೆಯೆಂದು ಆಕೆಯನ್ನು ಮೇಜಿನಿಂದ ತೆಗೆದು, ರದ್ದಿ ಹೊರುವ ಕೆಲಸಕ್ಕೆ ಹಾಕಿದರು. ಅವ್ವ ಬರೆಸಿದ ಕಾಗದದಲ್ಲಿ ಇದನ್ನು ಓದಿ, ಸಿಟ್ಟಿನಲ್ಲಿ ಗೈಡಿನ ಕೋಣೆಗೆ ನುಗ್ಗಿದೆ. ತಪ್ಪಾಗಿದೆಯೆಂದು ಮಾಲಕರಿಗೆ ಎರಡು ಸಾಲು ಬರೆಯಿರಿ ಎಂದೆ.

“ಅಂಥ ಪದ್ಧತಿ ಇಲ್ಲ. ಬೇಕಿದ್ದರೆ ಆ ಓರೆ ಬೆಳಕಿನ ಮೇಲೆ ಇನ್ನೊಂದು ಲೇಖನ ಬರೆಯೋಣ,” ಎಂದರು.

ಬರೆದೆವು. ಅವರ ಹೆಸರು ಮೊದಲು, ನನ್ನದು ಆಮೇಲೆ, ಚಿಗವ್ವನದು ಎಲ್ಲೂ ಇಲ್ಲ. ‘ಹೊಸ ವಿಧಾನ’ವಂತೆ! ಇಂದಿಗೂ ನನಗೆ ಶಾಲು ಹೊದಿಸುವುದು ಆ ಲೇಖನಕ್ಕೇ.

ರಜೆ ಹಾಕಿ ದಾಂಡೇಲಿಗೆ ಹೋದೆ. ಬಸ್ಸಿಳಿದವಳು ಮನೆಗೂ ಹೋಗದೆ ನೇರ ಶೆಡ್ಡಿಗೇ ನಡೆದೆ. ಚಿಗವ್ವನ ಪಕ್ಕದ ಮೇಜಿನ ಸಿದ್ದಿ ಹೆಂಗಸು ನನ್ನನ್ನು ಕಂಡದ್ದೇ, “ಇಷ್ಟ ಓದಿ ಇದನ್ನ ಮಾಡಿದೇನವಾ?” ಎಂದು ಮುಖ ತಿರುಗಿಸಿದಳು. ನಾನು ಮಾಲಕರ ಮುಂದೆ ನಿಂತು, ಚಿಗವ್ವ ಆರಿಸಿದ್ದೇ ಸರಿ, ಪ್ರಬಂಧದಲ್ಲಿ ಬರೆದದ್ದು ತಪ್ಪು ಎಂದು ಒಂದೇ ಉಸಿರಿಗೆ ಹೇಳಿದೆ.

ಅವರು ಕೆಟ್ಟವರೇನಲ್ಲ. ಕಪಾಟಿನಿಂದ ಪ್ರಬಂಧದ ಪ್ರತಿ ತೆಗೆದು ನನ್ನ ಮುಂದಿಟ್ಟರು.

“ಇದನ್ನ ಬರದವ್ರು ನೀವ ಅಲ್ರಿ?”

“ಹೌದ್ರಿ.”

“ಬರಿಯೂ ಮುಂದ ತಪ್ಪು ಅಂತ ಗೊತ್ತಿತ್ತೇನ್ರಿ?”

“ಗೊತ್ತಿತ್ತ್ರಿ.”

“ಹಂಗಾರ ಅಷ್ಟನ್ನ ಇದರ ಮ್ಯಾಲೆ ಬರದು ಸಹಿ ಮಾಡಿ ಕೊಡ್ರಿ. ನಾಳಿಂದ ಆಕಿ ತನ್ನ ಮೇಜಿಗೆ ನಿಲ್ಲಲಿ,” ಎಂದು ಪೆನ್ನು ಕೊಟ್ಟರು.

ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡುತ್ತಿದ್ದರು. ತಿಳಿದೂ ಸುಳ್ಳು ಬರೆದೆನೆಂದು ಸಹಿ ಹಾಕಿದರೆ ಡಿಗ್ರಿಯೂ ಉಳಿಯದು, ನೌಕರಿಯೂ ಉಳಿಯದು. ಪೆನ್ನಿನ ಮುಚ್ಚಳ ತೆಗೆದೆ. ಕೈ ಮುಂದಕ್ಕೆ ಹೋಗಲೇ ಇಲ್ಲ. ಅಷ್ಟು ದೂರದಿಂದ ಹೊತ್ತು ತಂದ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಮಾಲಕರು ಕಾದರು.

ಚಿಗವ್ವ ರದ್ದಿಯ ಮೂಟೆ ಇಳಿಸಿ ಬಂದಳು. ನನ್ನ ಕೈಯಿಂದ ಮೆಲ್ಲಗೆ ಪೆನ್ನು ತೆಗೆದುಕೊಂಡು ಮಾಲಕರಿಗೆ ವಾಪಸು ಕೊಟ್ಟಳು.

“ಆಕಿ ಬರದದ್ದು ಖರೇನ ಐತ್ರಿ, ಮಾಲಕ್ರ. ನನ್ನ ಕಣ್ಣ ಮೊದಲಿನಂಗ ಇಲ್ಲ.”

ಅಷ್ಟೂ ಹೆಂಗಸರ ಮುಂದೆ ಹೇಳಿದಳು. ನಾನು ಬಾಯಿ ಬಿಡಲಿಲ್ಲ.