ಹೊಂಗೆ ಎಲೆಯ ಕಂದು ಚುಕ್ಕೆ

ಎಂಬತ್ತರ ದಶಕದಲ್ಲಿ ಬಾಳಗಡಿ ಬಸ್ ಸ್ಟಾಪಿನ ಹೊಂಗೆಮರದ ಬುಡದಲ್ಲಿ ನನ್ನದೊಂದು ಎಲೆ-ಅಡಿಕೆ ಅಂಗಡಿ ಇತ್ತು. ಕೊಪ್ಪದಿಂದ ಶೃಂಗೇರಿವರೆಗೆ ನನ್ನಂತೆ ಕವಳ ಕಟ್ಟುವವರಿಲ್ಲ ಎಂದು ಊರೇ ಹೇಳುತ್ತಿತ್ತು. ಊರು ಮರೆತ ದಿನ ನಾನೇ ಹೇಳುತ್ತಿದ್ದೆ.

ಒಂದು ಬೇಸಿಗೆ, ಹೊರದೇಶದಲ್ಲಿ ಮರಗಳ ಕಾಯಿಲೆ ಓದಿ ಬಂದ ನಮ್ಮ ಪಕ್ಕದ ನಾರ್ವೆ ಹಳ್ಳಿಯ ಮೇಷ್ಟರೊಬ್ಬರು ಬಸ್ಸು ಕಾಯುತ್ತ ಹೊಂಗೆಯ ಎಲೆ ಕಿತ್ತು ನೋಡಿದರು. ಅದರ ಮೇಲೆ ಕಂದು ಚುಕ್ಕೆಗಳಿದ್ದವು.

"ಇದು ಓಝೋನ್" ಎಂದರು.

ಪಾಠವೂ ಆಯಿತು. ಆ ಅನಿಲ ಆಕಾಶದಲ್ಲಿದ್ದರೆ ನಮಗೆ ಕೊಡೆ, ನೆಲದ ಹತ್ತಿರ ಹುಟ್ಟಿದರೆ ವಿಷ. ವಾಹನದ ಹೊಗೆಯನ್ನು ಬಿಸಿಲು ಬೇಯಿಸಿದಾಗ ಅದು ಹುಟ್ಟುತ್ತದೆ. ಕಣ್ಣಿಗೆ ಕಾಣದೆ ಗಾಳಿಯಲ್ಲಿ ಸಾಗಿ, ಉತ್ತರದ ಚಳಿದೇಶಗಳ ಕಾಡು ಸೇರಿ, ಎಲೆಗೆ ಚುಕ್ಕೆ ಇಟ್ಟು ಅಕಾಲದಲ್ಲಿ ಉದುರಿಸುತ್ತದೆ.

"ಅಲ್ಲಿ ಕಾರಿನ ಜಾತ್ರೆ ಇರ್ಬೋದು. ಇಲ್ಲಿ ಮುತ್ತಿನಕೊಪ್ಪದ ಬಸ್ಸು ಬಿಟ್ರೆ ಎಂತ ಉಂಟು ಮೇಷ್ಟ್ರೇ?"

"ಅದ್ರ ಹೊಗೆ ನೋಡಿದೀಯಾ ಮಾರಾಯ?"

ನೋಡಿದ್ದೆ. ಆ ಬಸ್ಸು ಬಂದುಹೋದರೆ ನನ್ನ ಬಿಳಿ ಅಂಗಿ ಪೊಲೀಸರಿಗೂ ಗುರುತು ಸಿಗುತ್ತಿರಲಿಲ್ಲ.

ಮೇಷ್ಟರ ಮಾತಿಗೆ ಪಂಚಾಯತಿ ಚೇರ್ಮನ್ನರು ತಲೆದೂಗಿ, ಮರ ಉಳಿಯಲೆಂದು ಸ್ಟಾಪನ್ನು ಮೇಲಿನ ದಿಬ್ಬಕ್ಕೆ ಒಯ್ಯಲು ಹೊಸ ಬೋರ್ಡು ಬರೆಸಿದರು. ಸ್ಟಾಪು ಹೋದರೆ ನನ್ನ ಅಂಗಡಿಗೆ ಬರುವವರು ನೊಣಗಳು ಮಾತ್ರ.

ಚುಕ್ಕೆಯ ಮೂಲ ನನಗೆ ಗೊತ್ತಿತ್ತು. ನಮ್ಮವರು ಕವಳಕ್ಕೆ ಸುಣ್ಣ ಹಚ್ಚಿ, ಬೆರಳಲ್ಲಿ ಉಳಿದದ್ದನ್ನು ಕೈಗೆ ಸಿಕ್ಕಿದ್ದಕ್ಕೆ ಒರೆಸುತ್ತಾರೆ. ಅಲ್ಲಿ ಸಿಗುತ್ತಿದ್ದದ್ದು ಹೊಂಗೆಯ ಎಲೆ. ಸುಣ್ಣ ಸುಟ್ಟ ಜಾಗ ಕಂದಾಗುತ್ತಿತ್ತು. ಬಾಯಲ್ಲಿ ಹೇಳಿದರೆ ಓದಿದವರು ನಂಬುವುದುಂಟೇ? ಬೋರ್ಡು ಹೊತ್ತು ಬಂದ ದಿನ, ಕೈ ಒರೆಸಲು ಇಡುತ್ತಿದ್ದ ಬಟ್ಟೆಯನ್ನು ಅಡಗಿಸಿ ಮೇಷ್ಟರನ್ನೂ ಚೇರ್ಮನ್ನರನ್ನೂ ಕವಳಕ್ಕೆ ಕರೆದೆ. ಸುಣ್ಣವನ್ನು ಧಾರಾಳವಾಗಿ ಕೊಟ್ಟೆ.

ಮೇಷ್ಟರು ಓಝೋನಿನ ಬಗ್ಗೆಯೇ ಹೇಳುತ್ತ ಹಚ್ಚಿದರು, ಮಡಚಿದರು, ಬಾಯಿಗಿಟ್ಟರು. ಬೆರಳು ತಾನಾಗಿ ಮೇಲೆ ಹೋಗಿ ಹೊಂಗೆಯ ಎಲೆಗೆ ಒರೆಸಿಕೊಂಡಿತು.

"ಮೇಷ್ಟ್ರೇ, ಬಸ್ಸು ಇನ್ನೂ ಬಂದಿಲ್ಲ. ಚುಕ್ಕೆ ಬಂತಲ್ಲ. ಇವತ್ತು ಬಿಳಿ, ನಾಳೆ ಕಂದು" ಎಂದೆ.

ಅವರು ತಮ್ಮ ಬೆರಳನ್ನೂ ಎಲೆಯನ್ನೂ ನೋಡಿದರು. ಸಣ್ಣಗೆ ನಕ್ಕರು. ನಾನು ಮೀಸೆ ತಿರುವುವಷ್ಟರಲ್ಲಿ ಹೇಳಿದರು:

"ಸರಿ ಹಂಗಾರೆ. ಬಸ್ಸಿಂದು ತಪ್ಪಿಲ್ಲ, ಸ್ಟಾಪು ಇಲ್ಲೇ ಇರ್ಲಿ. ಸುಣ್ಣದ ಅಂಗಡಿ ಎತ್ಸಿ ಚೇರ್ಮನ್ರೇ."

ನನ್ನ ಮೀಸೆ ಅರ್ಧಕ್ಕೇ ನಿಂತಿತು. ಇಂಥ ಪಟ್ಟು ನನಗೂ ಹೊಳೆದಿರಲಿಲ್ಲ.

ಚೇರ್ಮನ್ನರು ಬಾಯಿಯ ಕವಳವನ್ನು ಒಂದು ದವಡೆಗೆ ತಳ್ಳಿದರು. "ಅಂಗಡಿ ಎತ್ಸಿದ್ರೆ ನಾಳೆಯಿಂದ ಕವಳ ನೀವು ಕಟ್ಟಿ ಕೊಡ್ತೀರಾ?"

ಮೇಷ್ಟರು ಸ್ವಲ್ಪ ಹೊತ್ತು ಜಗಿದರು. ಕವಳ ಚೆನ್ನಾಗಿತ್ತು ಎಂದು ನಾನು ಬೇರೆ ಹೇಳಬೇಕಾಗಿಲ್ಲ.

"ಅದೂ ಹೌದು" ಎಂದರು.

ದಿಬ್ಬಕ್ಕೆಂದು ತಂದಿದ್ದ ಬೋರ್ಡನ್ನು ವಾಪಸು ಹೊರುವವರು ಯಾರು? ಹೊಂಗೆಯ ಕಾಂಡಕ್ಕೇ ನಾಲ್ಕು ಮೊಳೆ ಹೊಡೆದರು. ಬೋರ್ಡು ಓರೆಯಾಗದಂತೆ ಹಿಡಿದುಕೊಂಡವರು ಮೇಷ್ಟರು.